ನಾಯಕನೇ ತಪ್ಪು ಮಾಡಲಿ ಬಿಡಿ
8ರಿಂದ 12 ವರ್ಷದ ಮಕ್ಕಳ ಫ್ಯಾಂಟಸಿ ಕಾದಂಬರಿಯಲ್ಲಿ ಕೇಡು ಯಾವಾಗಲೂ ಹೊರಗಿನಿಂದ ಬರಬೇಕು, ನಾಯಕನೇ ಅದಕ್ಕೆ ಕಾರಣನಾದರೆ ಮಕ್ಕಳಿಗೆ ಗೊಂದಲವಾಗುತ್ತದೆ ಅಂತ ಬರೆದಿದ್ದೀರಿ. ಈ ಮಾತನ್ನು ನಾನು ಒಪ್ಪುವುದಿಲ್ಲ. ಆ ವಯಸ್ಸಿನ ಮಕ್ಕಳಿಗೆ ರಾಕ್ಷಸನಿಗಿಂತ ತಮ್ಮ ತಪ್ಪಿನ ಭಯವೇ ಜಾಸ್ತಿ ಅಲ್ವಾ?

ಅರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ 'ಎ ವಿಝರ್ಡ್ ಆಫ್ ಅರ್ಥ್‌ಸೀ' ಕಾದಂಬರಿ ನೋಡಿ. ಮಂತ್ರವಿದ್ಯೆ ಕಲಿಯುತ್ತಿರುವ ಗೆಡ್ ಅನ್ನುವ ಹುಡುಗ ಜೊತೆಗಾರನ ಎದುರು ಜಂಬ ತೋರಿಸಲು ಹೋಗಿ ಒಂದು ಕರಾಳ ನೆರಳನ್ನು ಲೋಕಕ್ಕೆ ಬಿಡುತ್ತಾನೆ. ಅದು ಅವನ ಮುಖವನ್ನೇ ಪರಚಿ ಗಾಯ ಮಾಡುತ್ತದೆ. ಮೊದಲು ಅದರಿಂದ ಓಡುತ್ತಾನೆ, ಆಮೇಲೆ ತಿರುಗಿ ನಿಂತು ತಾನೇ ಅದನ್ನು ಬೆನ್ನಟ್ಟುತ್ತಾನೆ. ಆ ತಿರುಗಿ ನಿಲ್ಲುವ ಗಳಿಗೆಯಲ್ಲೇ ಹುಡುಗ ಬೆಳೆಯುವುದು. ಕತ್ತಿ ಬೀಸಿ ಯಾರನ್ನೋ ಸೋಲಿಸಿದ್ದರೆ ಅವನು ಗೆಲ್ಲುತ್ತಿದ್ದ, ಅಷ್ಟೇ. (ಕೊನೆ ಹೇಳುವುದಿಲ್ಲ, ಓದದವರ ಖುಷಿ ಕೆಡಿಸಬಾರದು.)

ಹತ್ತು ವರ್ಷದ ಮಗಳಿಗೆ ಇದನ್ನು ರಾತ್ರಿ ಹೊತ್ತು ಓದಿ ಹೇಳುತ್ತಿದ್ದೆ. ನೆರಳು ಹೊರಬಂದ ಕಡೆ ಪುಟದ ಮೇಲೆ ಕೈ ಅಡ್ಡ ಇಟ್ಟಳು. "ಇವನು ಇದನ್ನು ಯಾರಿಗಾದರೂ ಹೇಳ್ತಾನಾ?" ಅಂತ ಕೇಳಿದಳು. ಅವಳಿಗೆ ಗೊಂದಲವೇನೂ ಆಗಿರಲಿಲ್ಲ. ಸ್ವಲ್ಪ ಹೊತ್ತು ಸುಮ್ನಿದ್ದು, ಗೆಳತಿಯ ಪುಸ್ತಕ ಹರಿದದ್ದು ತಾನೇ ಅಂತ ಮೆಲ್ಲಗೆ ಹೇಳಿದಳು. ಆಮೇಲೆ ಕೈ ತೆಗೆದು, "ಮುಂದೆ ಓದು" ಅಂದಳು.