ಹೆಸರಿಲ್ಲದ ಫೋಲ್ಡರ್‌ಗಳ ಕಾಟ

ಕಂಪ್ಯೂಟರಿನ ವಾಲ್‌ಪೇಪರಿನಲ್ಲಿ ಬಿಳಿ ಮೋಡ, ಅದರ ಮೇಲೆ ಬಿಳಿ ಅಕ್ಷರ. ಇದಕ್ಕಿಂತ ದೊಡ್ಡ ಕಷ್ಟಗಳು ಜಗತ್ತಿನಲ್ಲಿ ಬೇಕಾದಷ್ಟಿವೆ, ಗೊತ್ತು. ಆದರೆ ತುರ್ತಾಗಿ ಬೇಕಾದ ಒಂದು ಫೈಲಿಗಾಗಿ ಕುರ್ಚಿಯಿಂದ ಅರ್ಧ ಎದ್ದು, ಮೂಗು ಪರದೆಗೆ ತಾಗುವಷ್ಟು ಬಗ್ಗಿ ನಿಂತವರಿಗೆ ಆ ಹೊತ್ತಿಗೆ ಇದೇ ದೊಡ್ಡ ಕಷ್ಟ. ಐಕಾನ್ ಚೆನ್ನಾಗಿ ಕಾಣುತ್ತದೆ. ಅದರ ಕೆಳಗಿನ ಹೆಸರು ಮಾತ್ರ ಮೋಡದೊಳಗೆ ಸೇರಿಹೋಗಿದೆ. ಹಳದಿ ಫೋಲ್ಡರ್‌ಗಳು ಸಾಲಾಗಿ ಕೂತಿವೆ, ಎಲ್ಲದಕ್ಕೂ ಒಂದೇ ಮುಖ. ಯಾವುದು ಆಫೀಸಿನದು, ಯಾವುದು ಮದುವೆ ಫೋಟೋ?

ವಾಲ್‌ಪೇಪರ್ ಬದಲಾಯಿಸಿದ್ದು ನಾನಲ್ಲ, ನಮ್ಮ ಅಕ್ಕನ ಮಗ. ಅವನ ಕಥೆ ಆಮೇಲೆ ಹೇಳ್ತೀನಿ, ಅದು ದೊಡ್ಡದಿದೆ.

ಮೊದಲು ನನ್ನ ತಕರಾರು ಕೇಳಿ. ಈ ವಿಂಡೋಸ್ ಕಂಪ್ಯೂಟರಿನಲ್ಲಿ ಮೌಸ್ ಬಾಣಕ್ಕೆ ಗುಲಾಬಿ ಬಣ್ಣ ಹಚ್ಚಬಹುದು. ಕೆಳಗಿನ ಟಾಸ್ಕ್‌ಬಾರಿಗೆ ಬಣ್ಣ ಕೊಡಬಹುದು. ಕಿಟಕಿಗಳ ಅಂಚಿಗೆ ಬೇರೆ ಬಣ್ಣ. ಆದರೆ ದಿನಾ ನಾವು ಓದಿ ಓದಿ ಕ್ಲಿಕ್ ಮಾಡುವ ಆ ಹೆಸರಿನ ಅಕ್ಷರಕ್ಕೆ? ಸೆಟ್ಟಿಂಗ್ಸ್ ಪೂರ್ತಿ ಜಾಲಾಡಿ, ಅಲ್ಲಿ ಅಂಥದ್ದೊಂದು ಜಾಗವೇ ಇಲ್ಲ. ಹಿಂದೆ ಫೋಟೋ ಇದ್ದರೆ ಬಿಳಿ ಅಕ್ಷರ, ಜೊತೆಗೆ ಸ್ವಲ್ಪ ನೆರಳು. ಫೋಟೋ ಬೇಡ, ಬರೀ ಬಣ್ಣ ಸಾಕು ಅಂದರೆ, ತಿಳಿ ಬಣ್ಣಕ್ಕೆ ಕಪ್ಪು ಅಕ್ಷರ, ಗಾಢ ಬಣ್ಣಕ್ಕೆ ಬಿಳಿ. ಅದನ್ನು ಆರಿಸುವುದೂ ಕಂಪ್ಯೂಟರೇ. ನಮ್ಮನ್ನು ಕೇಳುವ ಪದ್ಧತಿ ಇಲ್ಲ.

ಆ ನೆರಳು ಬಂದದ್ದು 2001ರಲ್ಲಿ, ವಿಂಡೋಸ್ ಎಕ್ಸ್‌ಪಿ ಜೊತೆಗೆ. ಎಕ್ಸ್‌ಪಿಯ ಹಸಿರು ಗುಡ್ಡ, ನೀಲಿ ಆಕಾಶದ ಚಿತ್ರ ನಿಮಗೆ ನೆನಪಿರಲೇಬೇಕು. ಚಾರ್ಲ್ಸ್ ಓ'ರಿಯರ್ ಎಂಬ ಛಾಯಾಗ್ರಾಹಕರು 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ತೆಗೆದದ್ದು. ಅದರಲ್ಲೂ ಮೋಡಗಳಿದ್ದವು. ಆದರೂ ಹೆಸರು ಓದಲು ಆಗುತ್ತಿತ್ತು, ನೆರಳು ಕಾಪಾಡುತ್ತಿತ್ತು. ಈ ನೆರಳಿನ ಗುಂಡಿ ಎಲ್ಲಿದೆ ಅಂತ ಹುಡುಕಿದ್ದೀರಾ? ಅಕ್ಷರದ ಹತ್ತಿರವೂ ಇಲ್ಲ, ವಾಲ್‌ಪೇಪರಿನ ಹತ್ತಿರವೂ ಇಲ್ಲ. ಸಿಸ್ಟಮ್ ಒಳಗೆ ಹೋಗಿ, ಅಡ್ವಾನ್ಸ್ಡ್ ಒತ್ತಿ, ಪರ್ಫಾರ್ಮೆನ್ಸ್ ಸೆಟ್ಟಿಂಗ್ಸ್ ತೆರೆದರೆ, ಉದ್ದ ಪಟ್ಟಿಯ ತಳದಲ್ಲಿ ಒಂದು ಟಿಕ್ ಗುರುತು. ನೆರಳು ಬಿಡಿಸಲು ಕಂಪ್ಯೂಟರಿಗೆ ಶ್ರಮ ಆಗುತ್ತದಂತೆ, ಅದಕ್ಕೆ ಅದು ವೇಗದ ಲೆಕ್ಕಕ್ಕೆ ಸೇರಿದೆ. ‘ಕಂಪ್ಯೂಟರ್ ನಿಧಾನ ಆಯ್ತು’ ಅಂತ ಯಾರೋ ಪುಣ್ಯಾತ್ಮರು ಅಲ್ಲಿ ‘ಬೆಸ್ಟ್ ಪರ್ಫಾರ್ಮೆನ್ಸ್’ ಒತ್ತಿದರೆ ಮುಗೀತು, ನೆರಳೂ ಹೋಯಿತು. ಕಂಪ್ಯೂಟರ್ ಎಷ್ಟು ವೇಗವಾಗುತ್ತದೋ ದೇವರೇ ಬಲ್ಲ. ಫೈಲ್ ಹುಡುಕುವ ನಾವಂತೂ ನಿಧಾನ.

ಸರಿ, ಬಣ್ಣ ಬೇಡ, ಅಕ್ಷರವನ್ನಾದರೂ ದೊಡ್ಡದು ಮಾಡೋಣ ಅಂದುಕೊಳ್ಳಿ. ಕಂಟ್ರೋಲ್ ಕೀ ಹಿಡಿದು ಮೌಸಿನ ಚಕ್ರ ತಿರುಗಿಸಿದರೆ ಐಕಾನ್ ಊದಿಕೊಳ್ಳುತ್ತದೆ. ಫೋಲ್ಡರ್ ಊಟದ ತಟ್ಟೆಯಷ್ಟಾಗುತ್ತದೆ. ಕೆಳಗಿನ ಅಕ್ಷರ? ಇದ್ದಷ್ಟೇ. ಕಾಣುತ್ತಿದ್ದ ಚಿತ್ರವೇ ಇನ್ನಷ್ಟು ಕಾಣುತ್ತದೆ, ಕಾಣದ ಹೆಸರು ಕಾಣದಂತೆಯೇ ಉಳಿಯುತ್ತದೆ. 2018ರಿಂದ ಅಕ್ಷರ ದೊಡ್ಡದು ಮಾಡುವ ಒಂದು ಜಾರುಪಟ್ಟಿ ಇದೆ, ನೂರರಿಂದ 225 ಪ್ರತಿಶತದವರೆಗೆ. ಎಳೆದರೆ ಐಕಾನಿನ ಹೆಸರು ಮಾತ್ರವಲ್ಲ, ಮೆನುಗಳೂ ಕಿಟಕಿಗಳ ತಲೆಬರಹಗಳೂ ಜೊತೆಗೇ ದಪ್ಪಗಾಗುತ್ತವೆ. ಒಬ್ಬರಿಗೆ ಕಿವಿ ಕೇಳಿಸಲ್ಲ ಅಂತ ಮನೆಮಂದಿಯೆಲ್ಲ ಕೂಗಾಡಬೇಕಾ?

ಇನ್ನು ಐಕಾನ್‌ಗಳ ನಡುವಿನ ಜಾಗ. ಜಾಗ ಜಾಸ್ತಿ ಇದ್ದರೆ ಉದ್ದ ಹೆಸರೂ ಹಿಡಿಸೀತು ಎಂಬ ಆಸೆ. ಅದಕ್ಕೆ ರಿಜಿಸ್ಟ್ರಿಗೇ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಒಳಕೋಣೆಗೇ, ಇಳಿಯಬೇಕು. ಅಲ್ಲಿ ಬರೆದಿರುವ ಸಂಖ್ಯೆ ಮೈನಸ್ 1125. ಎಪ್ಪತ್ತೈದು ಪಿಕ್ಸೆಲ್ ಅನ್ನು ಮೈನಸ್ ಹದಿನೈದರಿಂದ ಗುಣಿಸಿ ಇಟ್ಟಿದ್ದಾರೆ. ಜಾಗ ಹೆಚ್ಚಾಗಬೇಕಾದರೆ ಮೈನಸ್ 1500 ಅಂತ ಬರೆಯಬೇಕು, ಆಮೇಲೆ ಸೈನ್ ಔಟ್ ಆಗಿ ಮತ್ತೆ ಬರಬೇಕು. ಸುಮ್ನೆ ಎಪ್ಪತ್ತೈದು ಅಂತ ಬರೆದಿದ್ದರೆ ಯಾರ ಗಂಟು ಹೋಗುತ್ತಿತ್ತೋ.

ಹಿಂದೆ ಹೀಗಿರಲಿಲ್ಲ. ವಿಂಡೋಸ್ 95ರಲ್ಲಿ ಪ್ರತಿ ಹೆಸರಿನ ಹಿಂದೆ ಒಂದು ಬಣ್ಣದ ಪಟ್ಟಿ ಇರುತ್ತಿತ್ತು. ಚಂದ ಇರಲಿಲ್ಲ, ಆದರೆ ಓದಬಹುದಿತ್ತು. ಎಕ್ಸ್‌ಪಿಯಲ್ಲಿ ಡಿಸ್‌ಪ್ಲೇ ಪ್ರಾಪರ್ಟೀಸ್ ಒಳಗೆ ಒಂದು ಪಟ್ಟಿ. ಅದರಲ್ಲಿ ‘ಐಕಾನ್’ ಆರಿಸಿದರೆ ಯಾವ ಫಾಂಟ್, ಎಷ್ಟು ಗಾತ್ರ, ದಪ್ಪಗಿರಲಾ ಓರೆಯಾಗಿರಲಾ ಎಂದೆಲ್ಲ ಕೇಳುತ್ತಿತ್ತು. ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಅಲ್ಲಿ ಅಕ್ಷರಗಳನ್ನು ದಪ್ಪ, ದೊಡ್ಡದು ಮಾಡಿಕೊಟ್ಟಿದ್ದೆ. ಪರದೆ ತುಂಬ ಅಂಗಡಿ ಬೋರ್ಡಿನಂಥ ಹೆಸರುಗಳು. ಅಪ್ಪ ಒಂದೊಂದನ್ನೇ ಗಟ್ಟಿಯಾಗಿ ಓದಿ, ‘ಹ್ಞಾಂ, ಇದೇ’ ಅಂತ ತಮಗೆ ತಾವೇ ಒಪ್ಪಿಗೆ ಕೊಟ್ಟುಕೊಂಡು, ಆಮೇಲೆ ಡಬಲ್ ಕ್ಲಿಕ್ ಮಾಡುತ್ತಿದ್ದರು. ಫಾಂಟ್ ಆರಿಸುವ ಆ ಪಟ್ಟಿ 2012ರಲ್ಲಿ ವಿಂಡೋಸ್ 8 ಬಂದಾಗ ಹೋಯಿತು. ಗಾತ್ರ ಬದಲಿಸುವ, ದಪ್ಪ ಮಾಡುವ ಅವಕಾಶ ಮಾತ್ರ ಉಳಿದಿತ್ತು, 2017ರಲ್ಲಿ ಅದನ್ನೂ ತೆಗೆದರು. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಹೆಸರನ್ನು ಗಟ್ಟಿಯಾಗಿ ಓದುವವರೂ ಇರಲಿಲ್ಲ.

ಈಗ ಅಕ್ಕನ ಮಗನ ಕಥೆ.

ಅವನಿಗೆ ಡೆಸ್ಕ್‌ಟಾಪ್ ಅಂದರೆ ಕೆಲಸದ ಮೇಜಲ್ಲ, ಷೋಕೇಸು. ರಜೆಗೆ ಬಂದರೆ ಚಪ್ಪಲಿ ಬಿಟ್ಟು ಒಳಗೆ ಬರುವ ಮೊದಲೇ ವಾಲ್‌ಪೇಪರ್ ಬದಲಾಗಿರುತ್ತದೆ ಎಂದರೂ ನಡೆಯುತ್ತದೆ. ಹಿಮದ ಬೆಟ್ಟ, ಮಂಜಿನ ಕಾಡು, ಬಿಳಿ ಕರಡಿ. ಎಲ್ಲ ಬಿಳಿಯದ್ದೇ ಬೇಕು ಅವನಿಗೆ. ಹೆಸರು ಕಾಣಲ್ಲ ಕಣೋ ಅಂತ ಗೊಣಗಿದರೆ, ‘ಹೆಸರು ಯಾಕೆ ಬೇಕು ಮಾಮ, ಎಲ್ಲಿದೆ ಅಂತ ಗೊತ್ತಿರುತ್ತಲ್ವಾ?’ ಅನ್ನುತ್ತಾನೆ. ಈ ಸಲ ಅವನಿಗೇ ನನ್ನ ಗೋಳು ಕೇಳಿ ಸಾಕಾಯಿತೇನೋ. ‘ಕಾಣದೇ ಇರೋದು ಪ್ರಾಬ್ಲಮ್ ಅಲ್ಲ ಮಾಮ, ಅರ್ಧಂಬರ್ಧ ಕಾಣೋದು ಪ್ರಾಬ್ಲಮ್. ತಾಳಿ, ಸರಿ ಮಾಡ್ತೀನಿ’ ಅಂದ. ನಾನು ಸ್ನಾನಕ್ಕೆ ಹೋದೆ.

ಬರುವಷ್ಟರಲ್ಲಿ ಎಲ್ಲ ಐಕಾನ್‌ಗಳ ಹೆಸರೂ ಮಾಯ.

ಅಳಿಸಿದ್ದಲ್ಲ. ಅಳಿಸಲು ಕಂಪ್ಯೂಟರ್ ಬಿಡುವುದಿಲ್ಲ, ಏನಾದರೂ ಒಂದು ಹೆಸರು ಇರಲೇಬೇಕು. ಆದರೆ ಆಲ್ಟ್ ಕೀ ಹಿಡಿದು ನಂಬರ್ ಪ್ಯಾಡಿನಲ್ಲಿ 0160 ಒತ್ತಿದರೆ ಒಂದು ಖಾಲಿ ಜಾಗ ಬೀಳುತ್ತದೆ. ನಮ್ಮ ಕಣ್ಣಿಗೆ ಏನೂ ಇಲ್ಲ, ಕಂಪ್ಯೂಟರಿನ ಲೆಕ್ಕಕ್ಕೆ ಅದೂ ಒಂದು ಅಕ್ಷರ. ಅದನ್ನೇ ಹೆಸರಾಗಿ ಇಟ್ಟುಬಿಟ್ಟಿದ್ದಾನೆ. ಒಂದೇ ಕಡೆ ಎರಡು ಫೋಲ್ಡರಿಗೆ ಒಂದೇ ಹೆಸರು ಇಡುವಂತಿಲ್ಲವಲ್ಲ? ಅದಕ್ಕೂ ಅವನಲ್ಲಿ ಉಪಾಯವಿತ್ತು. ಮೊದಲನೆಯದಕ್ಕೆ ಒಂದು ಖಾಲಿ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಹೀಗೇ ಮುಂದೆ.

‘ಕ್ಲೀನ್ ಆಗಿದೆ ಅಲ್ವಾ ಮಾಮ?’ ಅಂದ. ಕ್ಲೀನ್ ಏನೋ ಆಗಿತ್ತು.

ಅವನು ಊರಿಗೆ ಹೋದ ಮೇಲೆ ನನ್ನ ಫೋನ್ ಕರೆಗಳು ಶುರುವಾದವು.

‘ಆಫೀಸಿಂದು ಯಾವುದೋ?’

‘ನಾಲ್ಕು ಖಾಲಿ ಇರೋದು.’

‘ನಾಲ್ಕು ಅಂತ ನಂಗೆ ಹೇಗೆ ಗೊತ್ತಾಗಬೇಕು?’

‘ಎಫ್2 ಒತ್ತಿ. ಹೋಮ್ ಒತ್ತಿ. ಈಗ ಬಲಗಡೆ ಬಾಣದ ಕೀ ಒತ್ತುತ್ತಾ ಎಣಿಸಿ.’

‘ಏನನ್ನ ಎಣಿಸಲಿ?’

‘ಖಾಲಿ ಜಾಗಾನ.’

‘ಕಾಣಲ್ವಲ್ಲೋ!’

‘ಕಾಣಬಾರದು ಅಂತಾನೇ ಮಾಡಿರೋದು ಮಾಮ.’

ಎಣಿಸಿದೆ. ಮೂರು ಬಂತು. ಮತ್ತೆ ಎಣಿಸಿದರೆ ಐದು. ಪಕ್ಕದ ಕೋಣೆಯಿಂದ ಹೆಂಡತಿ ‘ಯಾರ ಜೊತೆ ಲೆಕ್ಕ ಹಾಕ್ತಿದ್ದೀರಿ?’ ಅಂತ ಕೇಳಿದಳು. ಖಾಲಿ ಎಣಿಸುತ್ತಿದ್ದೇನೆ ಅಂತ ಯಾವ ಬಾಯಿಂದ ಹೇಳಲಿ? ಸರ್ಚ್‌ನಲ್ಲಿ ಹುಡುಕೋಣ ಅಂದರೆ, ಏನಂತ ಟೈಪ್ ಮಾಡುವುದು? ಆ ಸಾಲಿನಲ್ಲೇ ಇದ್ದ ಒಂದು ಪಿಡಿಎಫ್ ಅನ್ನು ಹಾಗೇ ಮೇಲ್ ಮಾಡಿದ್ದಕ್ಕೆ, ‘ಹೆಸರಿಲ್ಲದ ಫೈಲ್ ಬಂದಿದೆ, ವೈರಸ್ ಇರಬೇಕು ಅಂತ ತೆರೆಯದೆ ಡಿಲೀಟ್ ಮಾಡಿದೆ’ ಎಂದು ಸಹೋದ್ಯೋಗಿ ಉತ್ತರ ಬರೆದರು. ಅವರ ಜಾಗ್ರತೆಯನ್ನು ಮೆಚ್ಚಲೇಬೇಕು.

ಇಷ್ಟಾದರೂ ಅವನ ಕೈಚಳಕ ಮುಗಿದಿರಲಿಲ್ಲ. ಒಂದು ಫೋಲ್ಡರಿನ ಚಿತ್ರವನ್ನೇ ತೆಗೆದುಬಿಟ್ಟಿದ್ದ. ಐಕಾನ್ ಬದಲಿಸುವ ಪಟ್ಟಿಯಲ್ಲಿ ಏನೂ ಇಲ್ಲದ ಖಾಲಿ ಐಕಾನ್‌ಗಳೂ ಇವೆ, ಅದನ್ನು ಹಾಕಿದ್ದಾನೆ. ಹೆಸರೂ ಇಲ್ಲ, ಚಿತ್ರವೂ ಇಲ್ಲ, ಫೋಲ್ಡರ್ ಮಾತ್ರ ಇದೆ. ಮೌಸ್ ಹಿಡಿದು ಪರದೆ ಪೂರ್ತಿ ಚೌಕ ಎಳೆದರೆ ಎಲ್ಲೋ ಒಂದು ಕಡೆ ನೀಲಿ ಛಾಯೆ ಬೀಳುತ್ತದೆ. ಅದೇ ನಮ್ಮ ಮನೆ ಕಾಗದಪತ್ರಗಳ ಸ್ಕ್ಯಾನ್.

ಕೊನೆಗೆ ಒಂದು ಭಾನುವಾರ ಕೂತು ಎಲ್ಲಕ್ಕೂ ಮರುನಾಮಕರಣ ಮಾಡಿದೆ. ವಾಲ್‌ಪೇಪರ್ ತೆಗೆದು ಗಾಢ ನೀಲಿ ಬಣ್ಣ ಹಾಕಿದೆ. ಬಿಳಿ ಅಕ್ಷರ ಈಗ ಚೆನ್ನಾಗಿ ಕಾಣುತ್ತದೆ. ಆದರೆ ಹೆಸರು ಉದ್ದ ಇದ್ದರೆ ಎರಡು ಸಾಲಿಗೆ ಕತ್ತರಿಸಿ ಮೂರು ಚುಕ್ಕೆ ಇಡುತ್ತದೆ. ‘ಮನೆ ತೆರಿಗೆ ರಸೀದಿಗಳು’ ಅಂತ ಶುರುವಾಗುವ ಫೈಲ್‌ಗಳೆಲ್ಲ ಒಂದೇ ಥರ ಕಾಣುತ್ತವೆ. ವರ್ಷ ಇರುವುದು ಚುಕ್ಕೆಗಳ ಆಚೆ. ಈಗ ವರ್ಷವನ್ನೇ ಮೊದಲು ಬರೆಯುತ್ತಿದ್ದೇನೆ.

ಹೋದ ವಾರ ಅವನು ಮತ್ತೆ ಬಂದಿದ್ದ. ಪರದೆ ನೋಡಿ, ‘ಅಯ್ಯೋ, ವಾಲ್‌ಪೇಪರ್ ಏನಾಯ್ತು ಮಾಮ? ಹಾಳಾಯ್ತಾ?’ ಅಂದ. ಹಾಳಾಗಿಲ್ಲ, ಮುಟ್ಟಬೇಡ ಅಂದೆ. ನಾನು ಬಾಗಿಲು ತೆಗೆಯಲು ಎದ್ದು ಹೋದ ಹೊತ್ತಿಗೆ ಬಲ ಕ್ಲಿಕ್, ವ್ಯೂ, ‘ಶೋ ಡೆಸ್ಕ್‌ಟಾಪ್ ಐಕಾನ್ಸ್’ ಮುಂದಿನ ಟಿಕ್ ತೆಗೆದಿದ್ದಾನೆ. ಹಿಂದಿರುಗಿದರೆ ಪರದೆ ಮೇಲೆ ನೀಲಿ ಬಿಟ್ಟರೆ ಬೇರೇನೂ ಇಲ್ಲ.

‘ಈಗ ಓದೋಕೆ ಏನಾದ್ರೂ ಕಷ್ಟ ಆಗ್ತಿದೆಯಾ ಮಾಮ?’