ಸತ್ಯಾಂಶ: ‘ಸೇಫ್ ಮೋಡ್’ ಎಂದರೆ ಹಬಲ್‌ನ ಅಂತ್ಯವಲ್ಲ
ಹಬಲ್ ಬಾಹ್ಯಾಕಾಶ ದೂರದರ್ಶಕವು 2024ರಲ್ಲಿ ‘ಸೇಫ್ ಮೋಡ್‌’ಗೆ ಹೋಗಿ ಶಾಶ್ವತವಾಗಿ ನಿಂತುಹೋಯಿತು ಎಂಬ ಸಂದೇಶ ಚಿಕ್ಕಬಳ್ಳಾಪುರದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ, ಅದು ನಿಜವಲ್ಲ. ದೋಷ ಕಂಡೊಡನೆ ದೂರದರ್ಶಕವು ತಾನೇ ವೀಕ್ಷಣೆ ನಿಲ್ಲಿಸಿ, ಸೌರಫಲಕಗಳನ್ನು ಸೂರ್ಯನತ್ತ ತಿರುಗಿಸಿಕೊಂಡು, ಭೂಮಿಯ ನಿಯಂತ್ರಣ ಕೇಂದ್ರದ ಆದೇಶಕ್ಕಾಗಿ ಕಾಯುವ ಸ್ಥಿತಿಯೇ ಸೇಫ್ ಮೋಡ್. ಆ ಮೇ ತಿಂಗಳಲ್ಲಿ, ದೂರದರ್ಶಕ ತಿರುಗುವ ವೇಗವನ್ನು ಅಳೆಯುವ ಗೈರೋಸ್ಕೋಪ್‌ಗಳಲ್ಲಿ ಒಂದು ತಪ್ಪು ಅಳತೆ ಕೊಟ್ಟಿತ್ತು. 2009ರಲ್ಲಿ ಗಗನಯಾತ್ರಿಗಳು ಅಳವಡಿಸಿದ್ದ ಆರರಲ್ಲಿ ಮೂರು ಅದಕ್ಕೂ ಮೊದಲೇ ಕೆಟ್ಟಿದ್ದವು. ಸುಸ್ಥಿತಿಯಲ್ಲಿದ್ದ ಎರಡರಲ್ಲಿ ಒಂದನ್ನು ಮೀಸಲಿಟ್ಟು, ಇನ್ನೊಂದರಿಂದಲೇ ಕೆಲಸ ನಡೆಸಲು ನಾಸಾ ನಿರ್ಧರಿಸಿತು. ಜೂನ್‌ನಲ್ಲಿ ವೀಕ್ಷಣೆ ಪುನರಾರಂಭವಾಯಿತು. ಈ ವ್ಯವಸ್ಥೆಯಲ್ಲಿ ಗುರಿಯತ್ತ ತಿರುಗಿ ನೆಲೆಗೊಳ್ಳಲು ಹೆಚ್ಚು ಸಮಯ ಹಿಡಿಯುತ್ತದೆ, ಮಂಗಳನ ಕಕ್ಷೆಗಿಂತ ಸಮೀಪದಲ್ಲಿ ಚಲಿಸುವ ಕಾಯಗಳನ್ನು ಹಿಂಬಾಲಿಸಲಾಗದು.