ತೋಟ ಬೇಕಿರಲಿಲ್ಲ, ಪಹಣಿ ಬೇಕಿತ್ತು

ನಿನ್ನೆ ರಾತ್ರಿ ಬೆಂಗಳೂರಿನಿಂದ ಮುಂಬೈಗೆ ವಾಪಸ್ ಬಂದೆವು. ಯಾವ ವಿಮಾನ ಅನ್ನೋದು ಬೇಡ. ಹೆಂಡತಿಯ ಪಕ್ಕದಲ್ಲಿ ಕೂರಬೇಕಾದರೆ 450 ರೂಪಾಯಿ ಕೊಡಿ ಅಂದರು. ಇಪ್ಪತ್ತೆಂಟು ವರ್ಷದಿಂದ ಪುಕ್ಕಟೆ ಕೂತಿದ್ದೀನಿ, ಇವತ್ತು ಯಾಕೆ ಕೊಡಲಿ? ಅವಳು 8ನೇ ಸಾಲು, ನಾನು 23. (ಅವಳಿಗೆ ಚೆನ್ನಾಗಿ ನಿದ್ದೆ ಬಂತಂತೆ.)

ನನ್ನ ಪಕ್ಕ ಪುಣೆಯ ಹುಡುಗನೊಬ್ಬ ಫೋನಿನಲ್ಲಿ ಹಿಂದಿ ಸಿನಿಮಾ ನೋಡುತ್ತಿದ್ದ. ಬಗ್ಗಿ ನೋಡಿದೆ. ನನ್ನ ಚಾಳಿ ನಿಮಗೆ ಗೊತ್ತಲ್ಲ. ಅವನೇ ಖುಷಿಯಿಂದ ಹೇಳಿದ: "ನಿಜವಾದ ಕಥೆ ಅಂಕಲ್. ನಮ್ಮ ಮರಾಠಿ ಹುಡುಗನೊಬ್ಬ ಬಡವರಿಗೆ ಅಂತ ಏರ್‌ಲೈನ್ ಶುರು ಮಾಡ್ತಾನೆ."

ನನ್ನ ಪಿತ್ತ ನೆತ್ತಿಗೇರಿತು. ಆ ಮನುಷ್ಯ ಹಾಸನ ಜಿಲ್ಲೆ ಗೊರೂರಿನವರು ಕಣಪ್ಪಾ! ಕ್ಯಾಪ್ಟನ್ ಗೋಪಿನಾಥ್. ಸೈನ್ಯ ಬಿಟ್ಟು ಬಂದು ಜಾವಗಲ್ ಹತ್ತಿರ ರೇಷ್ಮೆ ಬೆಳೆದವರು. ಜಾವಗಲ್ ಅಂದರೆ ಮುಂಬೈಯವರಿಗೆ ಶ್ರೀನಾಥ್ ಒಬ್ಬನೇ ನೆನಪಾಗೋದು, ನಮಗೆ ಅದು ಪಕ್ಕದ ಸಂತೆ. ಅವರ ಕಥೆ ಮೊದಲು ತಮಿಳಿನಲ್ಲಿ ಸಿನಿಮಾ ಆಯಿತು, ಹೀರೋ ಮದುರೆ ಕಡೆಯವನಾದ. ಹಿಂದಿಗೆ ಬಂದಾಗ ಮರಾಠಿಯವನಾದ. ಅವರು ಕಟ್ಟಿದ ಏರ್ ಡೆಕ್ಕನ್ನಿನ ಮೊದಲ ವಿಮಾನ 2003ರ ಆಗಸ್ಟ್‌ನಲ್ಲಿ ಹಾರಿದ್ದು ಮಾತ್ರ ಬೆಂಗಳೂರಿನಿಂದ ಹುಬ್ಬಳ್ಳಿಗೆ.

ಸರಿ, ಇದನ್ನೂ ನುಂಗಿಕೊಂಡೆ. ಆಮೇಲೆ ಅವನು ಅಂದ: "ಪಾಪ, ಒಂದು ರೂಪಾಯಿಗೆಲ್ಲ ಟಿಕೆಟ್ ಕೊಟ್ಟರೆ ಮುಳುಗದೆ ಇರುತ್ತಾ?"

ಇದು ನುಂಗೋಕೆ ಆಗಲಿಲ್ಲ. ಈ ಮಾತನ್ನು ನಾನು ಡೊಂಬಿವಲಿ ಲೋಕಲ್‌ನಲ್ಲಿ ಕೇಳಿದ್ದೀನಿ, ಮಾಟುಂಗದ ಹೋಟೆಲಿನಲ್ಲಿ ಕೇಳಿದ್ದೀನಿ, ಷಡ್ಡಕನ ಬಾಯಲ್ಲೂ ಕೇಳಿದ್ದೀನಿ. ಅಗ್ಗ ಮಾಡಿದ, ಮುಳುಗಿದ. ಎರಡೇ ಮಾತಿನಲ್ಲಿ ಕಥೆ ಮುಗೀತು.

ಅಗ್ಗ ಮಾಡಿದ್ದಕ್ಕೆ ಅದು ಮುಳುಗಲಿಲ್ಲ ಸ್ವಾಮಿ. ಆಗ ಸರ್ಕಾರದ್ದೊಂದು ನಿಯಮ ಇತ್ತು. ವಿದೇಶಕ್ಕೆ ಹಾರಬೇಕಾದರೆ ದೇಶದೊಳಗೆ 5 ವರ್ಷ ಹಾರಿರಬೇಕು, ಕೈಯಲ್ಲಿ 20 ವಿಮಾನ ಇರಬೇಕು. ವಿಜಯ್ ಮಲ್ಯರ ಕಿಂಗ್‌ಫಿಷರ್ ಏರ್‌ಲೈನ್ಸ್ ಶುರುವಾಗಿದ್ದು 2005ರಲ್ಲಿ. ಅಂದರೆ 2010ರ ತನಕ ಕಾಯಬೇಕು. ಡೆಕ್ಕನ್‌ಗೆ ಐದು ತುಂಬುವುದು 2008ರ ಆಗಸ್ಟ್‌ಗೆ. 2007ರಲ್ಲಿ ಕಿಂಗ್‌ಫಿಷರ್‌ನವರು 550 ಕೋಟಿ ಕೊಟ್ಟು ಡೆಕ್ಕನ್ನಿನ ನೂರಕ್ಕೆ 26 ಪಾಲು ಕೊಂಡರು. 2008ರ ಸೆಪ್ಟೆಂಬರ್‌ನಲ್ಲಿ ಅವರ ವಿಮಾನ ಬೆಂಗಳೂರಿನಿಂದ ಲಂಡನ್‌ಗೆ ಹಾರಿತು. ಈಗ ನೀವೇ ಲೆಕ್ಕ ಹಾಕಿ. ಅವರಿಗೆ ತೋಟ ಬೇಕಿರಲಿಲ್ಲ, ಪಹಣಿ ಬೇಕಿತ್ತು.

ಇನ್ನೊಂದು ತಮಾಷೆ ಕೇಳಿ. ಎರಡೂ ಕಂಪನಿ ವಿಲೀನ ಆದಾಗ ಕಾಗದದಲ್ಲಿ ಉಳಿದದ್ದು ಡೆಕ್ಕನ್ ಕಂಪನಿಯೇ. ಐದು ವರ್ಷ ಆಗಿದ್ದದ್ದು ಅದಕ್ಕೆ ತಾನೆ? ಆಮೇಲೆ ಅದಕ್ಕೇ ಕಿಂಗ್‌ಫಿಷರ್ ಅಂತ ಹೆಸರಿಟ್ಟರು. ವಿಮಾನಕ್ಕೆ ಮೊದಲು ಸಿಂಪ್ಲಿಫ್ಲೈ ಡೆಕ್ಕನ್, ಆಮೇಲೆ ಕಿಂಗ್‌ಫಿಷರ್ ರೆಡ್. ಮೈಮೇಲೆ ಮೀನು ಹಿಡಿಯುವ ಹಕ್ಕಿ ಬಂದು ಕೂತಿತು. 2011ರಲ್ಲಿ ಅಗ್ಗದ ವಿಮಾನವೇ ಬೇಡ ಅಂದರು. 2012ರಲ್ಲಿ ಎಲ್ಲವೂ ನಿಂತಿತು.

ನಷ್ಟ ಇರಲಿಲ್ಲವಾ ಅಂತ ಕೇಳ್ತೀರಿ. ಇತ್ತು, ಜಾಸ್ತಿನೇ ಇತ್ತು. ಎರಡೇ ವರ್ಷದಲ್ಲಿ ಸ್ಪೈಸ್‌ಜೆಟ್, ಗೋಏರ್, ಇಂಡಿಗೋ ಮೂರೂ ಬಂದವು. 40ಕ್ಕೂ ಹೆಚ್ಚು ವಿಮಾನ ಇಟ್ಟುಕೊಂಡು, 60ಕ್ಕೂ ಹೆಚ್ಚು ಊರಿಗೆ ಹಾರಿಸೋದು ಹುಡುಗಾಟ ಅಲ್ಲ. ಮಾರಿದ್ದು ಗೋಪಿನಾಥರೇ, ಯಾರೂ ಕುತ್ತಿಗೆಗೆ ಕತ್ತಿ ಹಿಡಿದಿರಲಿಲ್ಲ. ಒಪ್ಪಿದೆ. ಆದರೆ ಅಗ್ಗವೇ ಕಾಯಿಲೆ ಆಗಿದ್ದರೆ ಇಂಡಿಗೋ ಇವತ್ತು ಹೇಗೆ ನಿಂತಿದೆ? ಅದೂ ತಿಂಡಿ ಮಾರಿಕೊಂಡೇ ಬೆಳೆದದ್ದು ಅಲ್ವಾ? ಊಟ ಹಾಕಿ, ಉಪಚಾರ ಮಾಡಿ, ಸಾವಿರಾರು ಕೋಟಿ ಸಾಲ ಬಿಟ್ಟುಹೋದದ್ದು ಅಗ್ಗದ ಕಂಪನಿ ಅಲ್ಲ. ವಿಲೆ ಪಾರ್ಲೆಯಲ್ಲಿ ಏರ್‌ಪೋರ್ಟ್ ಹತ್ತಿರವೇ ಕಿಂಗ್‌ಫಿಷರ್ ಹೌಸ್ ಇತ್ತಲ್ಲ, ಬ್ಯಾಂಕಿನವರು 2016ರಿಂದ ಹರಾಜು ಕೂಗಿ ಕೂಗಿ ಸುಸ್ತಾಗಿ, ಕೊನೆಗೆ 2021ರಲ್ಲಿ ಅದು ಮಾರಾಟವಾಯಿತು.

ನಮ್ಮಮ್ಮ ಮೊದಲ ಸಲ ವಿಮಾನ ಹತ್ತಿದ್ದು 2005ರಲ್ಲಿ, ಡೆಕ್ಕನ್‌ನಲ್ಲಿ. ಮೊಮ್ಮಗಳ ಹುಟ್ಟುಹಬ್ಬಕ್ಕೆ ಬಂದರು. ಅರಸೀಕೆರೆಯಿಂದ ದಾದರ್ ತನಕ ರೈಲಿನಲ್ಲಿ ಕೂರೋಕೆ ಅವರ ಮಂಡಿ ಒಪ್ಪುತ್ತಿರಲಿಲ್ಲ. ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣರ ಕಾಮನ್ ಮ್ಯಾನ್ ಆಗ ಡೆಕ್ಕನ್ನಿನ ಗುರುತು. ಮೈಸೂರಿನಲ್ಲಿ ಹುಟ್ಟಿ ಮುಂಬೈಯಲ್ಲಿ ಬರೆದವರ ಚಿತ್ರ. ಟಿಕೆಟ್ ಕಾಗದದ ಮೇಲೆ ಆ ಚೌಕುಳಿ ಕೋಟು, ಪಂಚೆ ನೋಡಿ ಅಮ್ಮ ಅಂದದ್ದು ಒಂದೇ ಮಾತು: "ಇವನೂ ಹತ್ತುತ್ತಾನೆ ಅಂದ್ರೆ ನಾನೂ ಹತ್ತಬಹುದು ಬಿಡು." ಸೀರೆ ಗಂಟಿನಲ್ಲಿ ಆರು ತೆಂಗಿನಕಾಯಿ ತಂದಿದ್ದರು. ಡೊಂಬಿವಲಿಯಲ್ಲಿ ತೆಂಗಿನಕಾಯಿ ಸಿಗೋದಿಲ್ಲ ಅಂತ ಯಾರು ಹೇಳಿದ್ದರೋ!

ಈಗ ನಿಜ ಹೇಳಿಬಿಡ್ತೀನಿ. ನಾನೇನು ಡೆಕ್ಕನ್‌ಗೆ ನಿಷ್ಠನಾಗಿರಲಿಲ್ಲ. ಆಫೀಸಿನವರು ಟಿಕೆಟ್ ಕೊಡಲು ಶುರು ಮಾಡಿದ ಮೇಲೆ ಬಿಸಿ ಊಟ ಕೊಡುವ ಕಿಂಗ್‌ಫಿಷರ್‌ಗೇ ಓಡಿದೆ. "ಡೆಕ್ಕನ್ನಾ? ನಾನು ಹತ್ತಲ್ಲಪ್ಪ" ಅಂತ ಸಹೋದ್ಯೋಗಿಗಳ ಮುಂದೆ ಮೂಗು ಮುರಿದದ್ದೂ ಉಂಟು. ಅಮ್ಮನಿಗೆ ಇದು ಇವತ್ತಿಗೂ ಗೊತ್ತಿಲ್ಲ. ಇಲ್ಲಿ ಓದಿ ಯಾರೂ ಹೇಳಬೇಡಿ.

2017ರ ಡಿಸೆಂಬರ್‌ನಲ್ಲಿ ಅದೇ ಹೆಸರು ಮತ್ತೆ ಎದ್ದು ಬಂತು, ಈ ಸಲ ನಮ್ಮ ಮುಂಬೈಗೇ. ಸಣ್ಣ ಊರುಗಳಿಗೂ ಅಗ್ಗದಲ್ಲಿ ವಿಮಾನ ಹಾರಿಸುವ ಸರ್ಕಾರದ ಉಡಾನ್ ಯೋಜನೆಯಲ್ಲಿ ನಾಸಿಕ್, ಜಳಗಾಂವ್‌ನಿಂದ 19 ಸೀಟಿನ ಪುಟ್ಟ ಬೀಚ್‌ಕ್ರಾಫ್ಟ್. ನಮ್ಮ ಏರ್‌ಪೋರ್ಟ್‌ನಲ್ಲಿ ರನ್‌ವೇ ಎರಡಿದ್ದರೂ ಒಂದರ ಮೇಲೊಂದು ಅಡ್ಡ ಹಾಯುತ್ತವೆ. ಹಾಗಾಗಿ ಒಂದು ಸಲಕ್ಕೆ ಒಂದೇ ಬಳಕೆ. ಅಲ್ಲಿ 19 ಜನರ ವಿಮಾನಕ್ಕೂ ಒಂದು ಸರದಿ, 180 ಜನರದ್ದಕ್ಕೂ ಒಂದು ಸರದಿ. ಚಿಕ್ಕವರಿಗೆ ಅಲ್ಲಿ ಯಾರು ಜಾಗ ಬಿಡ್ತಾರೆ ಹೇಳಿ. 2020ರ ಏಪ್ರಿಲ್‌ನಲ್ಲಿ, ಕೊರೋನಾ ಬಂದಾಗ, ಅದೂ ನಿಂತಿತು. ಆಗಲೂ ಷಡ್ಡಕ ಅಂದದ್ದು ಅದನ್ನೇ. ಅಗ್ಗ ಮಾಡಿದ, ಮುಳುಗಿದ.

ಇಷ್ಟನ್ನೂ ಆ ಹುಡುಗನಿಗೆ ಹೇಳಿದೆ. ಸೀಟಿನಲ್ಲಿ ಅರ್ಧ, ಬ್ಯಾಗಿಗೆ ಕಾಯುತ್ತಾ ಬೆಲ್ಟ್ ಹತ್ತಿರ ಇನ್ನರ್ಧ. ಹೆಂಡತಿ ದೂರದಿಂದಲೇ ಸಾಕು ಅಂತ ಕಣ್ಣು ಮಾಡುತ್ತಿದ್ದಳು. ಪಾಪ, ಪೂರ್ತಿ ಕೇಳಿದ. ಆಮೇಲೆ ನಿಧಾನವಾಗಿ ಕೇಳಿದ:

"ಹಾಗಾದ್ರೆ ಅಂಕಲ್, ಕನ್ನಡದಲ್ಲಿ ನೀವ್ಯಾಕೆ ಸಿನಿಮಾ ಮಾಡಲಿಲ್ಲ?"

ಅಷ್ಟರಲ್ಲಿ ನಮ್ಮ ಬ್ಯಾಗ್ ಬಂತು. ಇಷ್ಟು ವರ್ಷದಲ್ಲಿ ಅದೊಂದೇ ಸಲ ಬೇಗ ಬಂದದ್ದು.